ಚಿಕ್ಕಮ್ಮನ ಮನೆಗೆ ಪಶ್ಚಿಮದ ಕಿಟಕಿ ಇಲ್ಲ

ಮೂವತ್ತು ವರ್ಷ ಹಿಮ ಬಾಚಿದವರಿಗೆ ಬಿಸಿಲು ಅಂದ್ರೆ ಒಂಥರಾ ಬಹುಮಾನ. ನ್ಯೂಜೆರ್ಸಿ, ಷಿಕಾಗೊ, ಮಿನೆಸೋಟ ಕಡೆ ದುಡಿದು ಮುಗಿಸಿದ ಹಿರಿಯರು ಅರಿಜೋನಾಕ್ಕೆ ಬಂದು ನೆಲೆಸೋದು ಹೊಸ ವಿಷಯವೇನಲ್ಲ. 1960ರ ಜನವರಿ 1ರಂದು ಫೀನಿಕ್ಸ್ ಪಕ್ಕದ ಹತ್ತಿ ಹೊಲಗಳಿದ್ದ ಜಾಗದಲ್ಲಿ ಡೆಲ್ ವೆಬ್ ಎಂಬ ಬಿಲ್ಡರ್ ‘ಸನ್ ಸಿಟಿ’ ಅಂತ ನಿವೃತ್ತರಿಗಾಗಿಯೇ ಒಂದು ಊರು ತೆರೆದ. ಆ ವಾರಾಂತ್ಯ ಮಾದರಿ ಮನೆ ನೋಡೋಕೆ ಬಂದವರು ಸುಮಾರು 1 ಲಕ್ಷ ಜನ. ಗಾಲ್ಫ್, ಈಜುಕೊಳ, ವರ್ಷವಿಡೀ ಬಿಸಿಲು. ಅವತ್ತಿಂದ ಮರುಭೂಮಿಯಲ್ಲೊಂದು ಮನೆ ಅನ್ನೋದು ಇಲ್ಲಿನ ನಿವೃತ್ತಿಯ ದೊಡ್ಡ ಕನಸುಗಳಲ್ಲಿ ಒಂದು.

ಆ ಕನಸು ನಮ್ಮ ಚಿಕ್ಕಪ್ಪನಿಗೂ ಬಿತ್ತು. 2023ರಲ್ಲಿ ಅವರಿಗೆ 67, ಚಿಕ್ಕಮ್ಮನಿಗೆ 63. ನ್ಯೂಜೆರ್ಸಿಯಲ್ಲಿ ನಾಲ್ಕು ಬೆಡ್‌ರೂಮಿನ ಮನೆ, ಮಗಳು ಸಿಯಾಟಲ್‌ನಲ್ಲಿ. ನಾನು ಫೀನಿಕ್ಸ್‌ನಲ್ಲಿ ಕೆಲಸದಲ್ಲಿರೋದರಿಂದ, ಅವರು ಟೂಸಾನ್ ಕಡೆ ಜಾಗ ನೋಡೋಕೆ ಶುರು ಮಾಡಿದಾಗ ಶನಿವಾರ ಭಾನುವಾರದ ಡ್ರೈವರ್, ಲೆಕ್ಕ ಬರೆಯೋಳು, ಜಗಳ ಬಿಡಿಸೋಳು ಎಲ್ಲಾ ನಾನೇ ಆದೆ. ಎರಡು ಗಂಟೆ ದಾರಿ.

ನಮ್ಮ ತಾಯಿ ಕಡೆಯವರದು ಚಳ್ಳಕೆರೆ. ಮೊದಲ ದಿನ ಕಾರಿಳಿದು ಸುತ್ತ ನೋಡಿದ ಚಿಕ್ಕಮ್ಮ ಹೇಳಿದ್ದು ಇಷ್ಟೇ: “ಕಲ್ಲು, ಮುಳ್ಳು, ಬಿಸಿಲು. ಇದಕ್ಕೆ ಇಷ್ಟು ದುಡ್ಡು ಕೊಟ್ಟು ಅಮೆರಿಕದಲ್ಲಿ ಯಾಕೇ ಬೇಕು, ನಮ್ಮೂರಲ್ಲಿ ಬಿಟ್ಟಿ ಸಿಕ್ತಿತ್ತಲ್ಲ?”

ಈ ಅಂಕಣದಲ್ಲಿ ನಾನು ಸಾಮಾನ್ಯವಾಗಿ ನಮ್ಮ ವಯಸ್ಸಿನವರ ಸಾಲ, ಬಾಡಿಗೆ, ಆಫೀಸು ಅಂತ ಬರೀತೀನಿ. ಈ ಸಲ ಹಿರಿಯರ ಮನೆ ಬಗ್ಗೆ. ಯಾಕಂದ್ರೆ ಇನ್ನು ಹತ್ತು ವರ್ಷದಲ್ಲಿ ನಿಮ್ಮ ಅಪ್ಪ ಅಮ್ಮನೂ ಒಂದು ನಕ್ಷೆ ಹಿಡ್ಕೊಂಡು ನಿಮ್ಮ ಮುಂದೆ ಕೂರಬಹುದು.

ಮೊದಲು ನೋಡಿದ್ದು 55 ದಾಟಿದವರ ಬಡಾವಣೆ. 1995ರ ಫೆಡರಲ್ ಕಾನೂನಿನ ಪ್ರಕಾರ ಇಂಥ ಕಡೆ ಕನಿಷ್ಠ ಶೇ. 80ರಷ್ಟು ಮನೆಗಳಲ್ಲಿ 55 ದಾಟಿದವರು ಒಬ್ಬರಾದರೂ ಇರಬೇಕು. ಅದರ ಮೇಲೆ ಬಡಾವಣೆಯ ಸಂಘದ ಸ್ವಂತ ನಿಯಮಗಳು. ಗೋಡೆಗೆ ಯಾವ ಬಣ್ಣ, ಅಂಗಳದಲ್ಲಿ ಏನು ಇಡಬಹುದು, ಮನೆಗೆ ಬಂದ ಚಿಕ್ಕ ಮಕ್ಕಳು ವರ್ಷಕ್ಕೆ ಎಷ್ಟು ದಿನ ಉಳೀಬಹುದು. ಆ ಕೊನೆಯ ಸಾಲಿಗೆ ಬಂದು ಚಿಕ್ಕಮ್ಮ ಕನ್ನಡಕ ತೆಗೆದರು. “ಮೊಮ್ಮಗಳು ಬಂದ್ರೆ ನಾನು ಕ್ಯಾಲೆಂಡರ್‌ನಲ್ಲಿ ಗೀಟು ಹಾಕ್ಕೊಂಡು ಕೂರಬೇಕಾ?”

ನಿಜ ಹೇಳಬೇಕಂದ್ರೆ ನನಗೆ ಆ ಜಾಗ ಇಷ್ಟವಾಗಿತ್ತು. ಬೆಳಗ್ಗೆ ಪಕ್ಕದ ಮನೆಯವರ ಪರದೆ ಸರಿಯದಿದ್ದರೆ ಹೋಗಿ ಬಾಗಿಲು ಬಡಿಯೋ ಜನ ಅವರು. ಆದರೆ ಮಗಳಿಗೆ ಏನಾದರೂ ತೊಂದರೆಯಾಗಿ ಮಗು ಎತ್ಕೊಂಡು ಬಂದರೆ ಆರು ತಿಂಗಳು ಇಟ್ಕೊಳ್ಳೋಕಾಗದ ಮನೆ ಚಿಕ್ಕಮ್ಮನ ಪಾಲಿಗೆ ಮನೆಯೇ ಅಲ್ಲ. ಅಲ್ಲಿಗೆ ಅದು ಮುಗೀತು.

ಆಮೇಲೆ ಸಿಕ್ಕಿದ್ದು ಚಿಕ್ಕಪ್ಪನ ಕನಸಿನ ಜಾಗ. ಊರಾಚೆ ಡಾಂಬರು ಮುಗಿದ ಮೇಲೆ 6 ಕಿ.ಮೀ. ಮಣ್ಣು ದಾರಿ, 3 ಎಕರೆ, ಆಳೆತ್ತರ ದಾಟಿದ ಸವಾರೊ ಕಳ್ಳಿಗಳು, ಪಶ್ಚಿಮಕ್ಕೆ ಬೆಟ್ಟದ ಸಾಲು. ಸಂಜೆ ಆರಕ್ಕೆ ಆಕಾಶ ಕಿತ್ತಳೆ, ಆಮೇಲೆ ನೇರಳೆ. ಮೆಕ್ಯಾನಿಕಲ್ ಎಂಜಿನಿಯರ್ ಆಗಿ ನಿವೃತ್ತರಾದ ಮನುಷ್ಯ ಆವತ್ತು ರಾತ್ರಿಯೇ ಗ್ರಾಫ್ ಹಾಳೆ ಮೇಲೆ ಮನೆ ಬರೆದರು. ಪಶ್ಚಿಮದ ಗೋಡೆ ಪೂರ್ತಿ ಗಾಜು.

ನೀರು? ಬೋರ್‌ವೆಲ್ ಇಲ್ಲ, ಪೈಪ್ ಇಲ್ಲ, ಟ್ಯಾಂಕರ್ ಬರುತ್ತೆ ಅಂದರು ಮಾರೋರು.

ಟ್ಯಾಂಕರ್ ನೀರು ಅಂದ್ರೆ ಏನು ಅಂತ ಚಳ್ಳಕೆರೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಹೊತ್ತಿಗೆ ಇಲ್ಲಿ ಒಂದು ಸುದ್ದಿ ಓಡ್ತಾ ಇತ್ತು. ಸ್ಕಾಟ್ಸ್‌ಡೇಲ್ ನಗರದ ಹೊರಗಿನ ರಿಯೊ ವರ್ಡಿ ಫುಟ್‌ಹಿಲ್ಸ್‌ನಲ್ಲಿ ನೂರಾರು ಮನೆಗಳು ಟ್ಯಾಂಕರ್ ನೀರನ್ನೇ ನಂಬಿದ್ದವು. ಆ ಟ್ಯಾಂಕರ್‌ಗಳು ತುಂಬಿಕೊಳ್ತಿದ್ದದ್ದು ನಗರದ ನೀರು. 2023ರ ಜನವರಿ 1ರಿಂದ ನಗರ ಅದನ್ನ ನಿಲ್ಲಿಸಿತು, ನಮ್ಮ ಜನಕ್ಕೇ ಸಾಲದು ಅಂತ. ದೊಡ್ಡ ದೊಡ್ಡ ಮನೆಯವರು ಮಳೆನೀರಲ್ಲಿ ಟಾಯ್ಲೆಟ್‌ಗೆ ನೀರು ಹಾಕಿದರು.

ಇದರ ಹಿಂದೆ ಒಂದು ಕಾನೂನಿನ ಸಂದಿ ಇದೆ. ಮರುಭೂಮಿಯಲ್ಲಿ ಯಾರಾದರೂ ನಿಮಗೆ ಜಾಗ ತೋರಿಸಿದರೆ ಮೊದಲು ಕೇಳಬೇಕಾದ್ದೇ ಇದನ್ನ. ಅರಿಜೋನಾದಲ್ಲಿ 1980ರಿಂದ ಅಂತರ್ಜಲ ಕಾಯ್ದೆ ಇದೆ. ಫೀನಿಕ್ಸ್, ಟೂಸಾನ್‌ನಂಥ ನಿಯಂತ್ರಿತ ಪ್ರದೇಶಗಳಲ್ಲಿ ಹೊಸ ಬಡಾವಣೆ ಮಾಡೋನು 100 ವರ್ಷಕ್ಕೆ ಸಾಲೋ ನೀರಿದೆ ಅಂತ ತೋರಿಸಬೇಕು. ಆದರೆ ಜಾಗವನ್ನ ಆರಕ್ಕಿಂತ ಕಡಿಮೆ ಸೈಟಾಗಿ ಒಡೆದು ಮಾರಿದರೆ ಅದು ಬಡಾವಣೆ ಅನ್ನಿಸ್ಕೊಳ್ಳೋದಿಲ್ಲ, ನೀರಿನ ಪತ್ರವೂ ಬೇಕಿಲ್ಲ. ಐದೈದಾಗಿ ಒಡೀತಾ ಹೋದರೆ ಊರೇ ಆಗುತ್ತೆ, ನೀರು ಮಾತ್ರ ಇರಲ್ಲ. ಬೆಂಗಳೂರಿನ ಅಂಚಿನಲ್ಲಿ ರೆವಿನ್ಯೂ ಸೈಟ್ ನೋಡಿದವರಿಗೆ ಈ ಜಾಣತನ ಪರಿಚಯವೇ.

ಚಿಕ್ಕಪ್ಪ ಒಪ್ಪಲಿಲ್ಲ. ದೊಡ್ಡ ಟ್ಯಾಂಕ್ ಹಾಕೋಣ, ಬೋರ್ ಕೊರೆಸೋಣ. ನನ್ನ ಅಪಾರ್ಟ್‌ಮೆಂಟಿನ ಊಟದ ಮೇಜಿನ ಮೇಲೆ ಗ್ರಾಫ್ ಹಾಳೆ ಹರಡಿ ಗಾಜಿನ ಗೋಡೆ ವಿವರಿಸ್ತಾ ಇದ್ದರು. ಚಿಕ್ಕಮ್ಮ ಕೇಳಿಸ್ಕೊಂಡು, ಧ್ವನಿ ಏನೂ ಏರಿಸದೆ ಅಂದರು, “ಎಲ್ಲಾ ಸರಿ. ನೀವು ಹೋದ್ಮೇಲೆ ನಾನೊಬ್ಬಳೇ ಇಲ್ಲಿ ಹೆಂಗಿರ್ಲಿ?”

ನಾನು ತಕ್ಷಣ “ಚಿಕ್ಕಮ್ಮಾ, ಬಿಡ್ತು ಅನ್ನಿ” ಅಂದೆ. ಬಾಯಿಗೆ ಬರೋದೇ ಅದು.

“ಯಾಕೆ ಬಿಡ್ತು ಅನ್ಬೇಕು? ಇಬ್ರೂ ಕೈ ಕೈ ಹಿಡ್ಕೊಂಡು ಹೋಗ್ತೀವಾ? ಯಾರೋ ಒಬ್ರು ಉಳೀತೀವಿ. ಮನೆ ಬೇಕಿರೋದು ಆ ಒಬ್ರಿಗೆ ಕಣೇ. ಇಬ್ರೂ ಇದ್ದಾಗ ಎಲ್ಲಿ ಬೇಕಾದ್ರೂ ಇರ್ತೀವಿ.”

ಚಿಕ್ಕಪ್ಪ ಎದ್ದು ಕಾಫಿ ಲೋಟ ತೊಳೆದಿಟ್ಟು ವಾಕಿಂಗ್ ಹೋಗಿಬಿಟ್ಟರು. ಒಂದು ಗಂಟೆ ಬರಲಿಲ್ಲ. ಬಂದವರು ಅದೇ ಹಾಳೆ ತಿರುವಿ, ಹಿಂದಿನ ಬದಿಗೆ ‘ಒಬ್ಬರೇ ಇದ್ದರೆ’ ಅಂತ ಬರೆದು ನಡುವೆ ಗೀಟೆಳೆದರು. ಒಂದು ಕಡೆ ಚಿಕ್ಕಮ್ಮನ ಹೆಸರು, ಇನ್ನೊಂದು ಕಡೆ ತಮ್ಮದು. ಚಿಕ್ಕಮ್ಮನ ಕೆಳಗೆ: ಮಣ್ಣು ದಾರಿ, ರಾತ್ರಿ ಡ್ರೈವಿಂಗ್, ಆಸ್ಪತ್ರೆ, ಟ್ಯಾಂಕರ್‌ನವನ ಜೊತೆ ಮಾತು. ತಮ್ಮ ಹೆಸರಿನ ಕೆಳಗೆ ಮೊದಲು ಬರೆದದ್ದು: ಅಡುಗೆ.

ಆಮೇಲೆ ಮನೆಯ ಪ್ರತಿಯೊಂದು ತೀರ್ಮಾನವೂ ಆ ಹಾಳೆ ಮೇಲೇ ಆಯ್ತು.

ಏಪ್ರಿಲ್‌ನಲ್ಲಿ ಕೊಂಡದ್ದು ಊರೊಳಗಿನ ಕಾಲು ಎಕರೆ. ನಗರದ ನೀರು ಬರುತ್ತೆ. ಆ ನೀರಿನ ಬಹುಪಾಲು ಕೊಲೊರಾಡೊ ನದಿಯದು. ಸುಮಾರು 540 ಕಿ.ಮೀ. ಕಾಲುವೆಯಲ್ಲಿ, ದಾರಿಯುದ್ದಕ್ಕೂ ಪಂಪ್ ಮಾಡಿ ಮೇಲೆತ್ತಿ ತರ್ತಾರೆ. ಆ ನದಿಯೂ ಸೊರಗ್ತಾ ಇದೆ, ಅದು ಬೇರೆ ಮಾತು. ಆಸ್ಪತ್ರೆ 12 ನಿಮಿಷ, ತರಕಾರಿ ಅಂಗಡಿಗೆ ನಡೆದು ಹೋಗಬಹುದು, ಬಸ್ ಸ್ಟಾಪ್ ಕಣ್ಣಿಗೆ ಕಾಣುತ್ತೆ. ಬೆಟ್ಟ ಅರ್ಧ ಕಾಣುತ್ತೆ, ಇನ್ನರ್ಧಕ್ಕೆ ಎದುರು ಮನೆಯ ಸೂರು ಅಡ್ಡ.

ಮನೆ 1,650 ಚದರಡಿ, ಒಂದೇ ಅಂತಸ್ತು. ಚಿಕ್ಕಮ್ಮನಿಗೆ ವಾಸ್ತು ಬೇಕು, ಚಿಕ್ಕಪ್ಪನಿಗೆ ಲೆಕ್ಕ ಬೇಕು. ಮಜಾ ಅಂದ್ರೆ ಇಲ್ಲಿ ಇಬ್ಬರೂ ಒಂದೇ ಕಡೆ ಬಂದು ನಿಂತರು. ಬಾಗಿಲು ಪೂರ್ವಕ್ಕೆ ಅಂದರು ಚಿಕ್ಕಮ್ಮ. ಮರುಭೂಮಿಯ ಲೆಕ್ಕದಲ್ಲೂ ಶತ್ರು ಪಶ್ಚಿಮವೇ. ದಿನವಿಡೀ ಕಾದ ಗಾಳಿಯ ಮೇಲೆ ಸಂಜೆ ಸೂರ್ಯ ಅಡ್ಡಡ್ಡ ಬಂದು ಗಾಜಿನೊಳಗೆ ನುಗ್ಗುತ್ತಾನೆ, ಯಾವ ಸೂರೂ ತಡೆಯಲ್ಲ. ದಕ್ಷಿಣ ಹಾಗಲ್ಲ. ಬೇಸಿಗೆ ಮಧ್ಯಾಹ್ನ ಸೂರ್ಯ ಹೆಚ್ಚುಕಮ್ಮಿ ನೆತ್ತಿ ಮೇಲಿರ್ತಾನೆ, ಮೂರಡಿ ಸೂರು ಇಳಿಸಿದರೆ ಕಿಟಕಿಗೆ ನೆರಳು. ಚಳಿಗಾಲದಲ್ಲಿ ಕೆಳಗಿಳೀತಾನೆ, ಬಿಸಿಲು ಒಳಗೆ ಬಂದು ಬೆಚ್ಚಗಿರುತ್ತೆ. ಅಜ್ಜಿ ಮನೆಯ ಜಗಲಿಯಲ್ಲಿ ಇದನ್ನೇ ನೋಡಿದ್ದೀವಿ, ಯಾರೂ ಕೋನ ಅಳೆದಿರಲಿಲ್ಲ ಅಷ್ಟೆ.

ಹಾಗಾಗಿ ಪಶ್ಚಿಮಕ್ಕೆ ಗ್ಯಾರೇಜ್ ಬಂತು, ಬಿಸಿಲು ಮೊದಲು ಅದನ್ನ ಹೊಡೀಲಿ ಅಂತ. ಗಾಜಿನ ಗೋಡೆ ಹೋಯ್ತು. “ಸೂರ್ಯ ಮುಳುಗೋದು ನೋಡ್ಬೇಕಾದ್ರೆ ಹೊರಗೆ ಹೋಗಿ ನಿಂತು ನೋಡಿ. ಹತ್ತು ನಿಮಿಷದ ಕೆಲಸ. ಅದಕ್ಕೆ ವರ್ಷವಿಡೀ ಕರೆಂಟ್ ಬಿಲ್ ಕಟ್ಟಬೇಕಾ?” ಅಂದರು ಚಿಕ್ಕಮ್ಮ. ಚಿಕ್ಕಪ್ಪ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಸೈಟಿನಲ್ಲಿ ಒಂದು ಸವಾರೊ ಇತ್ತು, ಸೊಂಟದೆತ್ತರ. ಇದು ಕಾನೂನಿನ ರಕ್ಷಣೆ ಇರೋ ಗಿಡ. ಕಿತ್ತು ಬೇರೆ ಕಡೆ ನೆಡಬೇಕಾದರೆ ರಾಜ್ಯದ ಅನುಮತಿ, ಟ್ಯಾಗ್ ಎಲ್ಲಾ ಬೇಕು. ನಕ್ಷೆಯನ್ನೇ ಮೂರಡಿ ಸರಿಸಿದರು. ಅದಕ್ಕೆ ಕೈ ಮೂಡೋಕೆ ಐವತ್ತರಿಂದ ಎಪ್ಪತ್ತೈದು ವರ್ಷ ಆಗಬಹುದಂತೆ.

ನೆಲ ಅಗೆಯೋಕೆ ಶುರು ಮಾಡಿದರೆ ಎರಡಡಿ ಕೆಳಗೆ ಕಲೀಚೆ ಸಿಕ್ಕಿತು. ಸುಣ್ಣ ಗಟ್ಟಿಯಾಗಿ ಕಲ್ಲಿನ ಹಾಗೆ ಆಗಿರೋ ಪದರ. ಗುದ್ದಲಿ ಕುಣಿಯುತ್ತೆ, ನೆಲ ಅಲ್ಲಾಡಲ್ಲ. ಅದನ್ನ ಒಡೆಯೋ ಖರ್ಚು ಯಾರದು ಅಂತ ಕರಾರಿನಲ್ಲಿ ಮೊದಲೇ ಬರೆಸಿದ್ದರಿಂದ ಬಚಾವಾದೆವು. ಧೂಳಂತೂ ವಾರಗಟ್ಟಲೆ. ಇಲ್ಲೊಂದು ಮಾತು, ಅಪ್ಪ ಅಮ್ಮನನ್ನ ಈ ಕಡೆ ಕರೆಸೋರಿಗೆ: ಇಲ್ಲಿನ ಮಣ್ಣಲ್ಲಿ ಒಂದು ಶಿಲೀಂಧ್ರ ಇದೆ, ಧೂಳಿನ ಜೊತೆ ಶ್ವಾಸಕೋಶಕ್ಕೆ ಹೋದರೆ ‘ವ್ಯಾಲಿ ಫೀವರ್’ ಬರಬಹುದು. ಒಬ್ಬರಿಂದ ಒಬ್ಬರಿಗೆ ಹರಡಲ್ಲ, ಹೆಚ್ಚಿನವರಿಗೆ ತಾನಾಗೇ ವಾಸಿಯಾಗುತ್ತೆ. ಆದರೆ ಕೆಲವು ಹಿರಿಯರಿಗೆ, ಸಕ್ಕರೆ ಕಾಯಿಲೆಯವರಿಗೆ ಜೋರಾಗುತ್ತೆ. ಊರಿಗೆ ವಾಪಸ್ ಹೋದ ಮೇಲೆ ಜ್ವರ, ಕೆಮ್ಮು ವಾರಗಟ್ಟಲೆ ಬಿಡದಿದ್ದರೆ ಅರಿಜೋನಾದಲ್ಲಿ ಇದ್ದೆ ಅಂತ ಡಾಕ್ಟರಿಗೆ ಹೇಳಲೇಬೇಕು. ಹೇಳದೇ ಇದ್ದರೆ ಅವರಿಗೆ ಅದು ಹೊಳೆಯೋದೂ ಕಷ್ಟ.

ಇನ್ನು ತಳಪಾಯದ ಕಾಂಕ್ರೀಟಿನ ರಾತ್ರಿ. ಇದನ್ನ ಸ್ವಲ್ಪ ವಿವರವಾಗಿ ಹೇಳಬೇಕು.

ಸೆಪ್ಟೆಂಬರ್ ನಡುವೆ. ಹಗಲು ಇನ್ನೂ 38 ಡಿಗ್ರಿ, ಹಾಗಾಗಿ ಕಾಂಕ್ರೀಟ್ ಸುರಿಯೋದು ಬೆಳಗಿನ ಜಾವ. ಮೂರು ಗಂಟೆಗೆ ದೀಪ ಹಾಕಿ ಕೆಲಸ ಶುರು. ಬಚ್ಚಲಿಗೆ ಹೊಸ್ತಿಲು ಇರಬಾರದು ಅಂತ ಆ ಹಾಳೆಯಲ್ಲಿ ಮೊದಲ ಹತ್ತರಲ್ಲೇ ಇತ್ತು. ವಾಕರ್ ಹಿಡಿದವರು, ಗಾಲಿಕುರ್ಚಿಯಲ್ಲಿ ಕೂತವರು ನೇರ ಒಳಗೆ ಹೋಗಬೇಕು. ಕೇಳೋಕೆ ಸುಲಭ. ಆದರೆ ಮನೆ ನೆಲವೇ ಕಾಂಕ್ರೀಟ್ ಹಾಸು ಆದಾಗ, ಸ್ನಾನದ ಜಾಗದಲ್ಲಿ ಆ ಹಾಸನ್ನ ಮೊದಲೇ ಎರಡು ಇಂಚು ತಗ್ಗಿಸಿರಬೇಕು. ಆಗ ಮಾತ್ರ ಟೈಲ್ಸ್ ಬಂದ ಮೇಲೆ ನೀರಿಗೆ ಇಳಿಜಾರು, ಕಾಲಿಗೆ ಸಮ. ಸುರಿದ ಮೇಲೆ ನೆನಪಾದರೆ ಒಡೀಬೇಕು.

ಚಿಕ್ಕಮ್ಮ ಟಾರ್ಚ್ ಹಿಡ್ಕೊಂಡು ನಕ್ಷೆ ನೋಡ್ತಾ ಓಡಾಡಿದರು. ಬಚ್ಚಲಿನ ಜಾಗಕ್ಕೆ ಬಂದು ನಿಂತರು. ತಗ್ಗಿಗೆ ಹಲಗೆ ಕಟ್ಟೇ ಇರಲಿಲ್ಲ. ಮೇಸ್ತ್ರಿ ಬಂದ, ಮೇಡಂ ಆಮೇಲೆ ಸಣ್ಣ ಕಟ್ಟೆ ಕಟ್ಟಿ ಕೊಡ್ತೀವಿ, ಎಲ್ಲರ ಮನೆಯಲ್ಲೂ ಹಾಗೇ, ಲಾರಿ ಬಂದು ನಿಂತಿದೆ, ಒಂದೂವರೆ ಗಂಟೆಯೊಳಗೆ ಸುರೀದಿದ್ರೆ ಮಾಲು ಹಾಳು ಅಂದ. ಹೇಳಿದ್ದೂ ನಿಜವೇ, ಕಲಸಿದ ಕಾಂಕ್ರೀಟ್ ಕಾಯಲ್ಲ. ಚಿಕ್ಕಪ್ಪ ಒಂದು ಕ್ಷಣ ನನ್ನ ಮುಖ ನೋಡಿದರು. ಇಷ್ಟು ಹಣ, ಇಷ್ಟು ಜನ, ಇಂಜಿನ್ ಓಡ್ತಾ ಇದೆ.

ಚಿಕ್ಕಮ್ಮ ಆ ಕಂಬಿ ಜಾಲರಿ ಮಧ್ಯೆ ನಡೆದು ಹೋಗಿ, ಬಚ್ಚಲು ಬರಬೇಕಾದ ಜಾಗದಲ್ಲಿ ನಿಂತುಬಿಟ್ಟರು. ಸ್ವೆಟರ್, ಶೂ, ಕೈಯಲ್ಲಿ ನಕ್ಷೆ. ಇಂಗ್ಲಿಷ್‌ನಲ್ಲಿ ಹೇಳಿದ್ದು ಒಂದೇ ಮಾತು, ಇದು ಆಗೋವರೆಗೆ ನಾನು ಇಲ್ಲೇ ಇರ್ತೀನಿ ಅಂತ. ಜೋರು ಮಾಡಲಿಲ್ಲ, ಬೈಯಲಿಲ್ಲ.

ನಲವತ್ತು ನಿಮಿಷ ಹಿಡೀತು. ಪೈಪ್ ಕತ್ತರಿಸಿ ತಗ್ಗಿಸಿದರು, ಹಲಗೆ ಹೊಡೆದರು, ಮಟ್ಟ ನೋಡಿದರು. ಅಷ್ಟರಲ್ಲಿ ಲಾರಿಯವರು ಇನ್ನೊಂದು ಕಡೆಯಿಂದ ಸುರಿಯೋಕೆ ಶುರು ಮಾಡಿದ್ದರು, ಮಾಲೇನೂ ಹಾಳಾಗಲಿಲ್ಲ. ಆರು ಗಂಟೆಗೆ ಬೆಳಕಾದಾಗ ಅದೇ ಮೇಸ್ತ್ರಿ ಚಿಕ್ಕಮ್ಮನಿಗೆ ಡೋನಟ್ ಡಬ್ಬಿ ಚಾಚಿದ. ಮೊಟ್ಟೆ ಹಾಕಿರ್ತಾರೆ ಅಂತ ತಗೊಳ್ಳಲಿಲ್ಲ, ಅದು ಅವನಿಗೆ ಬೇರೆ ಥರ ಅರ್ಥವಾಗಿರಬೇಕು.

ಮಿಕ್ಕಿದ್ದು ಬೇಗ ಹೇಳ್ತೀನಿ. ಬಾಗಿಲುಗಳೆಲ್ಲ ಮೂರಡಿ ಅಗಲ. ಬಚ್ಚಲ ಗೋಡೆಯೊಳಗೆ ಹಿಡಿಕೆ ಬರಬಹುದಾದ ಕಡೆಯೆಲ್ಲ ಪ್ಲೈವುಡ್ ಕೂರಿಸಿ ಮುಚ್ಚಿದರು, ಮುಂದೆ ಬೇಕಾದಾಗ ಸ್ಕ್ರೂ ಹಿಡಿಯೋ ಹಾಗೆ. ಖರ್ಚು ಅತ್ಯಲ್ಪ. ಒಗ್ಗರಣೆ ಹೊಗೆ ನೇರ ಹೊರಗೆ ಹೋಗೋ ಚಿಮಣಿ.

ಎಸಿ ಮಾತ್ರ ಎರಡು. ಚಿಕ್ಕಪ್ಪ ಇದರಲ್ಲಿ ಜಗ್ಗಲಿಲ್ಲ. ಅವರು ಮನೆ ಕಟ್ಟಿಸೋಕೆ ಹೊರಟ ಆ 2023ರ ಬೇಸಿಗೆಯಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ ಉಷ್ಣಾಂಶ 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಫೀನಿಕ್ಸ್ ಇರೋ ಮಾರಿಕೋಪ ಕೌಂಟಿಯಲ್ಲಿ ಆ ವರ್ಷ ಬಿಸಿಲಿಗೆ ಸಂಬಂಧಿಸಿ ಸತ್ತವರು 645 ಜನ. ಮನೆಯೊಳಗೇ ಸತ್ತವರಲ್ಲಿ ಹೆಚ್ಚಿನವರ ಮನೆಯಲ್ಲಿ ಎಸಿ ಇತ್ತು, ಕೆಲಸ ಮಾಡ್ತಿರಲಿಲ್ಲ. ಟೂಸಾನ್ ಇನ್ನೂ ಎತ್ತರದಲ್ಲಿರೋದರಿಂದ ಎರಡು ಮೂರು ಡಿಗ್ರಿ ಕಮ್ಮಿ ಇರಬಹುದು, ಅಷ್ಟೇ. ಅದಕ್ಕೆ ಇಡೀ ಮನೆಗೊಂದು, ಮಲಗೋ ಕೋಣೆಗೆ ಬೇರೆಯೇ ಇನ್ನೊಂದು ಸಣ್ಣದು. ದೊಡ್ಡದು ಜುಲೈನಲ್ಲಿ ಕೆಟ್ಟು ರಿಪೇರಿಯವನು ಮೂರು ದಿನ ಬರದಿದ್ದರೂ, ಒಬ್ಬರು ಒಂದು ಕೋಣೆಯಲ್ಲಿ ಬಾಗಿಲು ಹಾಕ್ಕೊಂಡು ಬದುಕಬಹುದು.

ನಿಮ್ಮ ತಂದೆ ತಾಯಿ ಬಳ್ಳಾರಿಯಲ್ಲೋ ಕಲಬುರಗಿಯಲ್ಲೋ ಇದ್ದರೆ ಈ ಲೆಕ್ಕ ಅವರಿಗೂ ಹೊಂದುತ್ತೆ.

2024ರ ಅಕ್ಟೋಬರ್‌ಗೆ ಮನೆ ಮುಗೀತು. ನ್ಯೂಜೆರ್ಸಿ ಮನೆ ಖಾಲಿ ಮಾಡೋದು ಕಟ್ಟೋದಕ್ಕಿಂತ ಕಷ್ಟವಾಯ್ತು. ಸಾಗಣೆಯವರು ತೂಕದ ಮೇಲೆ ದುಡ್ಡು ಕೇಳ್ತಾರೆ. ಸೋಫಾ ಬಿಟ್ಟರು, ಪುಸ್ತಕ ಹಂಚಿದರು, ಮಗಳ ಪಿಯಾನೊ ಒಂದು ಶಾಲೆಗೆ ಕೊಟ್ಟರು. ಆದರೆ ಚಳ್ಳಕೆರೆಯಿಂದ ಬಂದಿದ್ದ ರುಬ್ಬೋ ಕಲ್ಲು ಮಾತ್ರ ಲಾರಿ ಹತ್ತಿತು. ಇಪ್ಪತ್ತು ವರ್ಷದಿಂದ ಅದರಲ್ಲಿ ಯಾರೂ ಏನೂ ರುಬ್ಬಿಲ್ಲ. ಈಗ ಅದು ಜಗಲಿ ಪಕ್ಕ ಇದೆ, ಗುಳಿಯಲ್ಲಿ ನೀರು ಹಾಕಿಟ್ಟರೆ ಬೆಳಗ್ಗೆ ಮರಿಗಳ ಸಾಲು ಕಟ್ಕೊಂಡು ಕ್ವೇಲ್ ಹಕ್ಕಿ ಬರುತ್ತೆ. ಅಜ್ಜಿ ನೋಡಿದ್ರೆ ಬೈಗುಳ ಗ್ಯಾರಂಟಿ.

ದೀಪಾವಳಿ ಮುಗಿದ ವಾರ ಗೃಹಪ್ರವೇಶ. ಹಾಲು ಉಕ್ಕಿದ್ದು ಇಂಡಕ್ಷನ್ ಒಲೆ ಮೇಲೆ. ಹೋಮ ಒಳಗೆ ಮಾಡಿದರೆ ಹೊಗೆ ಅಲಾರ್ಮ್ ಕೂಗುತ್ತೆ ಅಂತ ಗ್ಯಾರೇಜ್ ಬಾಗಿಲು ಎತ್ತಿ ಅಲ್ಲೇ ಮಾಡಿದ್ದು. ಪಕ್ಕದ ಮನೆಯ ಮಿನೆಸೋಟ ದಂಪತಿ ಬಂದು ಚಕ್ಕಲಮಕ್ಕಲ ಹಾಕಿ ಕೂತು, ಎದ್ದೇಳೋಕೆ ಇಬ್ಬರ ಸಹಾಯ ಬೇಕಾಯ್ತು. ಚಳ್ಳಕೆರೆಯಿಂದ ಅಮ್ಮ ವಿಡಿಯೊದಲ್ಲಿ. ಅರಿಜೋನಾದ ಬಹುಪಾಲು ಕಡೆ ಬೇಸಿಗೆಗೆ ಗಡಿಯಾರ ತಿರುಗಿಸೋ ಪದ್ಧತಿ ಇಲ್ಲ, ಹಾಗಾಗಿ ಭಾರತಕ್ಕೂ ಇಲ್ಲಿಗೂ ವರ್ಷವಿಡೀ ಹನ್ನೆರಡೂವರೆ ಗಂಟೆ ಅಂತರ. “ಮುಳ್ಳು ಅರ್ಧ ಗಂಟೆ ಮುಂದೆ ತಳ್ಳು, ಹಗಲು ರಾತ್ರಿ ಅದಲುಬದಲು ಮಾಡು, ಅಷ್ಟೆ. ನ್ಯೂಜೆರ್ಸಿಲಿ ವರ್ಷಕ್ಕೆರಡು ಸಲ ಲೆಕ್ಕ ತಪ್ಪಿ ನಿನ್ನ ನಿದ್ದೆ ಕೆಡಿಸ್ತಿದ್ದೆ” ಅಂದರು ಚಿಕ್ಕಮ್ಮ ಅಕ್ಕನಿಗೆ.

2025ರ ಫೆಬ್ರವರಿಯಲ್ಲಿ ಚಿಕ್ಕಪ್ಪನ ಮಂಡಿ ಬದಲಾಯಿಸಿದರು. ನಾನು ರಜೆ ಹಾಕಿ ಬರ್ತೀನಿ ಅಂದೆ. ಬೇಡ, ಕರೆದಾಗ ಬಾ ಅಂದರು ಚಿಕ್ಕಮ್ಮ. ಆಸ್ಪತ್ರೆಗೆ ಅವರೇ ಕಾರು ಓಡಿಸಿದರು, 12 ನಿಮಿಷ, ಹೆದ್ದಾರಿ ಹತ್ತದೆ. ವಾಪಸ್ ಬಂದ ದಿನ ವಾಕರ್ ಬಾಗಿಲಲ್ಲಿ ಎಲ್ಲೂ ಸಿಕ್ಕಲಿಲ್ಲ. ಬಚ್ಚಲಿಗೆ ಚಿಕ್ಕಪ್ಪ ನೇರ ನಡೆದು ಹೋದರು, ಗೋಡೆಗೆ ಆ ಹೊತ್ತಿಗೆ ಎರಡು ಹಿಡಿಕೆ ಬಂದಿದ್ದವು. ಮೂರನೇ ದಿನ ನಾನು ಹೋದಾಗ, ಅವರು ಸ್ನಾನ ಮುಗಿಸಿ ಬಂದು ಟೈಲ್ಸ್ ಕಡೆ ತೋರಿಸಿ “ನಿಮ್ಮ ಚಿಕ್ಕಮ್ಮ ನಿಂತಿದ್ದ ಜಾಗ” ಅಂದರು. ಅದಕ್ಕಿಂತ ಹೆಚ್ಚು ಹೇಳೋ ಪೈಕಿ ಅಲ್ಲ ಅವರು.

ಟೂಸಾನ್‌ಗೆ ವರ್ಷಕ್ಕೆ ಬರೋದು ಸುಮಾರು 280 ಮಿ.ಮೀ. ಮಳೆ, ಅದರಲ್ಲಿ ಅರ್ಧದಷ್ಟು ಬೇಸಿಗೆಯ ಮಾನ್ಸೂನ್‌ನದು. ಹೌದು, ಇಲ್ಲೂ ಅದನ್ನ ಮಾನ್ಸೂನ್ ಅಂತಲೇ ಕರೀತಾರೆ. ಚಿಕ್ಕಪ್ಪ ಮಾಡಿಗೆ ದೋಣಿ ಕಟ್ಟಿಸಿ ಮಳೆಕೊಯ್ಲಿನ ಟ್ಯಾಂಕ್ ಇಟ್ಟಿದ್ದಾರೆ. ಅವರ ಮಾಡಿನ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 4,700 ಲೀಟರ್ ಅಂತ ಬಂದವರಿಗೆಲ್ಲ ಹೇಳ್ತಾರೆ. ಆ ನೀರು ಒಂದು ನಿಂಬೆ ಗಿಡಕ್ಕೆ, ಕರಿಬೇವಿಗೆ. ಕರಿಬೇವು ಚಳಿಗಾಲದಲ್ಲಿ ಒಳಗೆ ಬರಬೇಕು, ರಾತ್ರಿ ಹಿಮ ಕೂರುತ್ತೆ.

ಸಂಜೆ ಹೊತ್ತು ಗ್ಯಾರೇಜ್ ಹಿಂದೆ ಮಡಚೋ ಕುರ್ಚಿ ಹಾಕ್ಕೊಂಡು ಚಿಕ್ಕಪ್ಪ ಹತ್ತು ನಿಮಿಷ ಕೂರ್ತಾರೆ. ಆಮೇಲೆ ಒಳಗೆ ಬಂದು ಏಪ್ರನ್ ಕಟ್ಕೋತಾರೆ. ಆ ಗ್ರಾಫ್ ಹಾಳೆ ಈಗ ಫ್ರಿಜ್ ಬಾಗಿಲ ಮೇಲಿದೆ. ಹೆಚ್ಚುಕಮ್ಮಿ ಎಲ್ಲದರ ಮೇಲೂ ಗೀಟು ಬಿದ್ದಿದೆ, ಅವರ ಹೆಸರಿನ ಕೆಳಗಿನ ಮೊದಲ ಸಾಲು ಒಂದು ಬಿಟ್ಟು. ಉಪ್ಪಿಟ್ಟು ಬಂತು, ತಿಳಿಸಾರು ಬಂತು. ಮುದ್ದೆ ಇನ್ನೂ ಗಂಟು ಕಟ್ತಾ ಇದೆ.